ಬಸ್ಸು ನಿಲ್ಲಿಸಿದ ಭಾನುವಾರ

ಮೆರಿವುಡ್, ಜಾರ್ಜಿಯಾ
ಸೆಪ್ಟೆಂಬರ್ 11, 2016

ಮಗನೇ ರೆನಾರ್ಡ್,

ಜೈಲಿನಿಂದ ಫೋನ್ ಮಾಡುತ್ತೇನೆ, ಎತ್ತು ಎನ್ನುತ್ತೀಯ. ನನಗೆ ಆ ಫೋನು ಬೇಡ. ಸಿಟ್ಟು ನೆತ್ತಿಗೇರಿ ಮಾತು ಶುರುವಾಗುವ ಹೊತ್ತಿಗೆ ಸರಿಯಾಗಿ ಅದು ಕಡಿದುಹೋಗುತ್ತದೆ. ಕಾಗದದಲ್ಲಾದರೆ ಪೂರ್ತಿ ಬೈಯಬಹುದು.

ಈ ಸಲ ಬೈಗುಳ ನಿನಗಲ್ಲ. ರೈಲು ಹಳಿಯಾಚೆ ನಮ್ಮ ಕರಿಯರ ಕೇರಿಯಲ್ಲಿದ್ದ ಮತಗಟ್ಟೆಯನ್ನು ಮುಚ್ಚಿಬಿಟ್ಟರು. ನಾನು ಮೊದಲ ಮತ ಹಾಕಿದ್ದು ಅಲ್ಲೇ, ಹಳೆ ಶಾಲೆಯ ಊಟದ ಹಾಲಿನಲ್ಲಿ. ಕೌಂಟಿ ಆಡಳಿತದ ಸಭೆಗೆ ಹೋಗಿ ಕಾರಣ ಕೇಳಿದೆವು. ಗಾಲಿಕುರ್ಚಿ ಹತ್ತಿಸಲು ಇಳಿಜಾರು ಇಲ್ಲವಂತೆ. ಅಂಗವಿಕಲರ ಮೇಲೆ ಅವರಿಗೆ ಅಷ್ಟು ಕಾಳಜಿಯಂತೆ. ನಮ್ಮ ಪಾದ್ರಿ ಕೊಲ್ವಿನ್ ಎದ್ದು, ಚರ್ಚಿನ ಬಡಗಿಗಳು ಶನಿವಾರ ಬಂದು ಪುಕ್ಕಟೆ ಕಟ್ಟಿಕೊಡುತ್ತಾರೆ ಎಂದರು. ಅಧ್ಯಕ್ಷ ಒಂದು ಗುಟುಕು ನೀರು ಕುಡಿದು, ಮುಂದಿನ ವಿಷಯಕ್ಕೆ ಹೋಗೋಣ ಎಂದ. ಇನ್ನು ನಾವೆಲ್ಲ ಮತ ಹಾಕಲು ಆ ತುದಿಯ ಕೌಂಟಿ ಕಚೇರಿಗೇ ಹೋಗಬೇಕು. ಕಾರಿದ್ದವರಿಗೆ ಅದೇನು ಮಹಾ. ಕಾರಿಲ್ಲದವರು ಯಾರೆಂದು ಮುಚ್ಚಿದವರಿಗೆ ಚೆನ್ನಾಗಿ ಗೊತ್ತು.

ಮುಂಚಿತವಾಗಿ ಮತ ಹಾಕಲು ಕಿತ್ತಾಡಿ ಒಂದು ಭಾನುವಾರ ಗಿಟ್ಟಿಸಿಕೊಂಡಿದ್ದೇವೆ. ಚುನಾವಣೆಗೆ ಮುಂಚೆ, ಅಕ್ಟೋಬರ್ ಕೊನೆಯಲ್ಲಿ. ಅವತ್ತು ಪ್ರಾರ್ಥನೆಯಾದ ಮೇಲೆ ಚರ್ಚಿನ ಅಂಗಳದಲ್ಲಿ ದೊಡ್ಡ ಸಭೆ. ಹಾಡು, ಭಾಷಣ, ಕರಿದ ಮೀನು. ಆಮೇಲೆ ಎಲ್ಲರನ್ನೂ ಗಾಡಿಗಳಲ್ಲಿ ತುಂಬಿಕೊಂಡು ಮತಗಟ್ಟೆಗೆ. ಚರ್ಚಿನ ಬಸ್ಸು ಓಡಿಸುವವಳು ನಾನು. ಕೂದಲು ನರೆಯುವವರೆಗೆ ಈ ಊರಿನ ಮಕ್ಕಳನ್ನು ಶಾಲೆಗೆ ಸಾಗಿಸಿದವಳು, ಈಗ ಅವರ ಅಜ್ಜ ಅಜ್ಜಿಯರನ್ನು ಸಾಗಿಸುತ್ತೇನೆ.

ಕೌಂಟಿಯ ಪೊಲೀಸರ ಮೇಲಿನ ಅದೇ ಕುರ್ಚಿಗೆ ಶೆರಿಫ್ ಹಾಲ್ಕಂಬ್ ಈ ಸಲವೂ ಚುನಾವಣೆಗೆ ನಿಂತಿದ್ದಾನೆ. ಎದುರಿಗೆ ನಮ್ಮವನು, ಸೈನ್ಯದಿಂದ ಬಂದ ಲೆವೆಲ್ ಬ್ಯಾಸ್ಕಿನ್. ಮಿಸ್ ಅರ್ಜುಲಾ ಟೀಗ್ ಅವರ ಮೊಮ್ಮಗ ಡೆಶಾನನನ್ನು ಹಾಲ್ಕಂಬನ ಪೊಲೀಸನೊಬ್ಬ ಬೆನ್ನಿಗೆ ಗುಂಡಿಟ್ಟು ಕೊಂದು ವರ್ಷವಾಯಿತು. ಆ ಪೊಲೀಸ ಈಗಲೂ ಅದೇ ಜೀಪಿನಲ್ಲಿ ಓಡಾಡಿಕೊಂಡಿದ್ದಾನೆ.

ನಿನ್ನ ಹಳೆ ಗೆಳೆಯರಿಗೆ ನಾಲ್ಕು ಸಾಲು ಬರೆ, ಬಂದು ಮತ ಹಾಕಿ ಅಂತ. ನನ್ನ ಮಾತು ಅವರಿಗೆ ತಾಗುವುದಿಲ್ಲ.

ನಿನ್ನ ಅಮ್ಮ,
ವರ್ಡೆಲ್ ಮ್ಯಾಪ್


ರಾಜ್ಯ ಕಾರಾಗೃಹ
ಸೆಪ್ಟೆಂಬರ್ 22, 2016

ಅಮ್ಮಾ,

ಬರೆಯುವುದಿಲ್ಲ. ಸಿಟ್ಟು ಮಾಡಿಕೊಳ್ಳಬೇಡ. ಮಾಡಿಕೊಂಡರೂ ಸರಿಯೇ.

ನನಗೆ ಹನ್ನೆರಡು ವರ್ಷ ಶಿಕ್ಷೆ ಕೊಟ್ಟ ನ್ಯಾಯಾಧೀಶ ಮೇಲಿನಿಂದ ಇಳಿದು ಬಂದವನಲ್ಲ. ಜನರ ಮತದಿಂದ ಆ ಕುರ್ಚಿ ಹತ್ತಿದವನು. ಅವನಿಗೆ ನೀನೂ ಮತ ಹಾಕಿದ್ದೆ. ಎದುರಿಗೆ ಬೇರೆ ಯಾರೂ ನಿಂತಿರಲಿಲ್ಲ ಎಂದು ನೀನೇ ಹೇಳಿದ್ದೆ. ನಾನು ಸಿಕ್ಕಿಬಿದ್ದ ಅದೇ ಕಾರಿನಲ್ಲಿ, ಅದೇ ಮಾದಕ ಪುಡಿಯ ಪೊಟ್ಟಣದ ಪಕ್ಕ ನನ್ನ ಜೊತೆ ಕೂತಿದ್ದ ವಕೀಲರ ಮಗನನ್ನು ಅವನಪ್ಪ ಬಂದು ಹೆಗಲ ಮೇಲೆ ಕೈಹಾಕಿ ಮನೆಗೆ ಕರೆದುಕೊಂಡು ಹೋದ. ಇಷ್ಟನ್ನು ಕಣ್ಣಾರೆ ನೋಡಿದ ನನ್ನ ಗೆಳೆಯರಿಗೆ, ಸಾಲಿನಲ್ಲಿ ನಿಲ್ಲಿ ಎಂದು ನಾನು ಯಾವ ಬಾಯಿಂದ ಹೇಳಲಿ?

ಇನ್ನೊಂದು ಗೊತ್ತಾ? ಜನಗಣತಿಯಲ್ಲಿ ನಾವು ಈ ಜೈಲಿರುವ ಕೌಂಟಿಯ ಜನವಂತೆ. ನಮ್ಮ ತಲೆ ಎಣಿಸಿಕೊಂಡು ಇವರು ಶಾಸನಸಭೆಯಲ್ಲಿ ಸೀಟು ಗಿಟ್ಟಿಸಿಕೊಳ್ಳುತ್ತಾರೆ, ನಮಗೆ ಮಾತ್ರ ಮತವಿಲ್ಲ. ತಲೆ ಬೇಕು, ಬಾಯಿ ಬೇಡ. ನಿಮ್ಮ ಸಭೆಯಲ್ಲಿ ಇದನ್ನು ಯಾರಾದರೂ ಹೇಳುತ್ತಾರಾ?

ಮೀನು ತಿನ್ನು, ಹಾಡು ಹೇಳು, ಮನೆಗೆ ಹೋಗು. ಹಾಲ್ಕಂಬನ ದಾರಿಗೆ ಅಡ್ಡ ಹೋಗಬೇಡ. ಫೆಬ್ರವರಿಯಲ್ಲಿ ನನ್ನ ಪೆರೋಲು ಮಂಡಳಿಯ ಮುಂದೆ ಬರುತ್ತದೆ, ಒಪ್ಪಿದರೆ ಶಿಕ್ಷೆ ಮುಗಿಯುವ ಮೊದಲೇ ಬಿಡುತ್ತಾರೆ. ಊರಿನ ಶೆರಿಫನ ಅಭಿಪ್ರಾಯವನ್ನೂ ಅವರು ಕೇಳುತ್ತಾರೆ.

ರೆನಾರ್ಡ್


ಮೆರಿವುಡ್
ಅಕ್ಟೋಬರ್ 2, 2016

ರೆನಾರ್ಡ್,

ಹೌದು, ಹಾಕಿದ್ದೆ. ಆ ನ್ಯಾಯಾಧೀಶನಿಗೆ ಹಾಕಿದ ಬೆರಳು ಇದೇ. ಅದಕ್ಕೆ ನನಗೆ ಉರಿಯುವುದಿಲ್ಲ ಅಂದುಕೊಂಡೆಯಾ? ಇನ್ಯಾರೂ ನಿಲ್ಲಲು ಧೈರ್ಯ ಮಾಡದಷ್ಟು ವರ್ಷ ನಾವು ಮನೆಯಲ್ಲಿ ಕೂತಿದ್ದೆವಲ್ಲ, ಉರಿಯುವುದು ಅದಕ್ಕೆ.

ನಿನ್ನ ಅಜ್ಜಿ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದಾಗ ನಾನು ಅವಳ ಲಂಗ ಹಿಡಿದು ನಿಂತಿದ್ದೆ. ಗುಮಾಸ್ತ ಅವಳ ಕೈಗೆ ಕಾನೂನಿನ ಪುಸ್ತಕ ಕೊಟ್ಟು ಓದು ಎಂದ. ಓದಿದಳು. ಅರ್ಥ ಹೇಳು ಎಂದ. ಹೇಳಿದಳು. ಅವನು ನಕ್ಕು ಕಿಟಕಿ ಮುಚ್ಚಿದ. ಮಾರನೆಯ ದಿನ ಅವಳು ಬಟ್ಟೆ ಒಗೆಯುತ್ತಿದ್ದ ಮನೆಯವರು ಇನ್ನು ಬರಬೇಡ ಎಂದರು. ಅವಳು ಮತ್ತೆ ಆ ಕಿಟಕಿಗೆ ಹೋದಳು. ಮತ್ತೆ ಹೋದಳು. ಸಿಗುವವರೆಗೂ ಹೋದಳು. ಅದು ಸಿಕ್ಕಿದ್ದು ಹಾಗೆ.

ನೀನು ಬರೆಯದಿದ್ದರೆ ಬಿಡು. ಆದರೆ ಮೀನು ತಿಂದು ಮನೆಗೆ ಹೋಗು ಎಂದು ನನಗೆ ಇನ್ನೊಮ್ಮೆ ಹೇಳಬೇಡ.

ಅಮ್ಮ


ಮೆರಿವುಡ್
ನವೆಂಬರ್ 7, 2016

ಪ್ರೀತಿಯ ಮಗನಿಗೆ,

ಭಾನುವಾರದ ಸಭೆ ಚೆನ್ನಾಗಿ ಆಯಿತು. ತುಂಬ ಜನ ಬಂದಿದ್ದರು. ಮೀನು ಸಾಲದೆ ಹೋಯಿತು.

ಈ ತಿಂಗಳು ನಿನ್ನನ್ನು ನೋಡಲು ಬರಲಾಗುವುದಿಲ್ಲ. ಕಾರಿನ ಬ್ರೇಕು ಸರಿಯಿಲ್ಲ. ಬಲಗೈ ಮಣಿಕಟ್ಟು ಸ್ವಲ್ಪ ನೋಯುತ್ತಿದೆ, ಅಕ್ಷರ ಓರೆಯಾಗಿದ್ದರೆ ಅದಕ್ಕೆ. ಹಿತ್ತಲಿನ ಪೆಕಾನ್ ಮರದ ಕಾಯಿಗಳು ಉದುರಲು ಶುರುವಾಗಿವೆ. ಒಳಗೆ ಚಳಿಯಿದ್ದರೆ ಎರಡು ಅಂಗಿ ಹಾಕಿಕೋ.

ಪಾದ್ರಿಯ ಹೆಂಡತಿ ಲವೀನಿಯಾ ನಿನ್ನ ಯೋಗಕ್ಷೇಮ ಕೇಳಿದಳು.

ಅಮ್ಮ


ರಾಜ್ಯ ಕಾರಾಗೃಹ
ನವೆಂಬರ್ 20, 2016

ಅಮ್ಮಾ,

ಯಾರೊಬ್ಬರನ್ನೂ ಬೈಯದೆ ನೀನು ಕಾಗದ ಬರೆದಾಗಲೇ ನನಗೆ ಅನುಮಾನ ಬಂತು.

ಮೊನ್ನೆ ನಮ್ಮ ಬ್ಯಾರಕಿಗೆ ಹೊಸಬನೊಬ್ಬ ಬಂದ. ಮೆರಿವುಡ್‌ನ ಕೌಂಟಿ ಜೈಲಿನಿಂದ ಇಲ್ಲಿಗೆ ಹಾಕಿದ್ದಾರೆ. ಮ್ಯಾಪ್ ಎಂಬ ನನ್ನ ಅಡ್ಡಹೆಸರು ಕೇಳಿ ಮುಖ ನೋಡಿದ. “ಬಸ್ಸಿನ ಮಿಸ್ ವರ್ಡೆಲ್ ನಿನಗೇನಾಗ್ಬೇಕು?” ಎಂದ. ಅಮ್ಮ ಎಂದೆ. “ಹೆಂಗಸರ ಕಡೆಯಿಂದ ಅವರ ಹಾಡು ಕೇಳಿಸ್ತಿತ್ತು ಕಣೋ. ಕಾವಲಿನವನು ಬಾಯಿ ಮುಚ್ಚು ಅಂದ್ರೆ ಇನ್ನೊಂದು ಚರಣ ಎತ್ತೋರು” ಎಂದ. ಸುತ್ತ ಇದ್ದವರೆಲ್ಲ ನಕ್ಕರು. ನಾನು ಎದ್ದು ಹೋಗಿ ಗೋಡೆಗೆ ಗುದ್ದಿದೆ.

ನನ್ನ ಅಮ್ಮ ಜೈಲಿನಲ್ಲಿದ್ದಳು, ನಾನು ಅದನ್ನು ದಾರಿಹೋಕನಿಂದ ತಿಳಿಯಬೇಕು. ಕಾರಿನ ಬ್ರೇಕಂತೆ. ಮಣಿಕಟ್ಟಂತೆ. ಮಣಿಕಟ್ಟು ಯಾಕೆ ನೋಯುತ್ತದೆಂದು ನನಗೆ ಗೊತ್ತಿಲ್ಲವೇ, ಆ ಬೇಡಿ ನಾನೂ ಹಾಕಿಕೊಂಡವನು. ಯಾರು ಹಾಕಿದ್ದು? ಹೆಸರು ಹೇಳು. ಪೂರ್ತಿ ಬರೆ.

ರೆನಾರ್ಡ್


ಮೆರಿವುಡ್
ನವೆಂಬರ್ 27, 2016

ಮಗನೇ,

ಸರಿ, ಕೇಳು. ಗೋಡೆಗೆ ಮಾತ್ರ ಗುದ್ದಬೇಡ.

ಅವತ್ತು ಚರ್ಚಿನ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮರದ ಕೆಳಗೆ ಮೇಜು ಹಾಕಿಕೊಂಡು ಹುಡುಗಿಯರು ಮತಯಂತ್ರದ ಚಿತ್ರ ತೋರಿಸಿ, ಎಲ್ಲಿ ಬೆರಳಿಡಬೇಕೆಂದು ಮುದುಕರಿಗೆ ಹೇಳಿಕೊಡುತ್ತಿದ್ದರು. ಪಾದ್ರಿ ಕೊಲ್ವಿನ್ ಈ ಕೌಂಟಿಯಲ್ಲಿ ಪೊಲೀಸರ ಕೈಯಲ್ಲಿ ಸತ್ತ ನಮ್ಮ ಮಕ್ಕಳ ಹೆಸರು ಒಂದೊಂದಾಗಿ ಓದಿದರು. ಡೆಶಾನನ ಹೆಸರು ಬಂದಾಗ ಮಿಸ್ ಅರ್ಜುಲಾ ತಮ್ಮ ನಾಲ್ಕು ಕಾಲಿನ ಊರುಗೋಲು ಹಿಡಿದು ಎದ್ದು ನಿಂತರು. ತೊಂಬತ್ತು ದಾಟಿದ ಹೆಂಗಸು. ಎಲ್ಲ ಹೆಸರು ಮುಗಿಯುವವರೆಗೂ ಕೂರಲಿಲ್ಲ. ಕೈದಿಗಳ ತಲೆ ಎಣಿಸುವ ವಿಷಯ ನೀನು ಬರೆದಿದ್ದೆಯಲ್ಲ, ಅದನ್ನು ನಾನೇ ಮೈಕಿನ ಮುಂದೆ ಹೇಳಿದೆ. ಎಷ್ಟೋ ಜನಕ್ಕೆ ಗೊತ್ತೇ ಇರಲಿಲ್ಲ.

ಊಟವಾದ ಮೇಲೆ ವೃದ್ಧಾಶ್ರಮದವರನ್ನು ಬಸ್ಸಿಗೆ ಹತ್ತಿಸಿದೆ. ಮಿಸ್ ಅರ್ಜುಲಾ ಇರುವುದೂ ಅಲ್ಲೇ. ಹತ್ತಿಯ ಹೊಲ ದಾಟಿ ಕಡಲೆಕಾಯಿ ಗೋದಾಮಿನ ಹತ್ತಿರ ಬರುವಾಗ ಹಿಂದಿನಿಂದ ಪೊಲೀಸ್ ಗಾಡಿಯ ನೀಲಿ ದೀಪ. ನಿಲ್ಲಿಸಿದೆ. ಇಳಿದು ಬಂದವನು ಶೆರಿಫನ ಡೆಪ್ಯೂಟಿ ಕಾಡಿ ಪ್ರೂಯಿಟ್. ನನ್ನ ಶಾಲೆ ಬಸ್ಸಿನಲ್ಲಿ ದಿನಾ ವಾಂತಿ ಮಾಡಿಕೊಳ್ಳುತ್ತಿದ್ದ ಹುಡುಗ. ಅವನ ಮೂಗು ಒರೆಸಿದವಳು ನಾನು.

“ಮಿಸ್ ವರ್ಡೆಲ್, ದೂರು ಬಂದಿದೆ. ವೃದ್ಧಾಶ್ರಮ ನಡೆಯೋದು ಕೌಂಟಿ ದುಡ್ಡಲ್ಲಿ. ಅಲ್ಲಿನವ್ರನ್ನ ರಾಜಕೀಯಕ್ಕೆ ಕರ್ಕೊಂಡು ಹೋಗೋ ಹಾಗಿಲ್ಲ. ಬಸ್ಸು ತಿರುಗಿಸಿ” ಎಂದ.

ಯಾವ ಕಾನೂನಿನಲ್ಲಿ ಬರೆದಿದೆ ಎಂದು ಕೇಳಿದೆ. ನನಗೆ ಹೇಳಿದ್ದಾರೆ, ನಾನು ಹೇಳುತ್ತಿದ್ದೇನೆ ಎಂದ.

“ನಿನಗೆ ಹೇಳ್ದೋನು ಚುನಾವಣೆಗೆ ನಿಂತಿದಾನೆ ಅಲ್ವಾ, ಕಾಡಿ?”

ಅವನ ಕಿವಿ ಕೆಂಪಗಾಯಿತು. ಬಸ್ಸಿನ ಕೀಲಿ ಕೊಡಿ ಎಂದ. ನಾನು ಕೀಲಿಯನ್ನು ಅಂಗಿಯ ಎದೆಯೊಳಗೆ ಹಾಕಿಕೊಂಡು, ಬೇಕಾದರೆ ತೆಗೆದುಕೋ ಎಂದೆ. ಹಿಂದಿನ ಸೀಟಿನಲ್ಲಿ ಮುದುಕಿಯರು ಗಹಗಹಿಸಿ ನಕ್ಕರು. ಆ ನಗುವೇ ಅವನಿಗೆ ತಡೆಯಲಾಗಲಿಲ್ಲ ಅಂತ ಕಾಣುತ್ತದೆ. ಇನ್ನೊಂದು ಗಾಡಿ ಕರೆಸಿದ. ಇಬ್ಬರು ಸೇರಿ ನನ್ನನ್ನು ಬಸ್ಸಿನಿಂದ ಎಳೆದು, ಕೈ ಹಿಂದಕ್ಕೆ ತಿರುಚಿ ಬೇಡಿ ಹಾಕಿದರು. ನನ್ನ ವಯಸ್ಸಿಗಾದರೂ ಒಂದು ಮರ್ಯಾದೆ ಬೇಡವೇ? ಬಸ್ಸಿನ ಬಾನೆಟ್ಟಿನ ಮೇಲೆ ಮುಖ ಒತ್ತಿ ಹಿಡಿದರು. ಬಿಸಿಯಿತ್ತು.

ಆಗ ಮಿಸ್ ಅರ್ಜುಲಾ ಬಸ್ಸಿನಿಂದ ಇಳಿದರು. ಮೊದಲು ಊರುಗೋಲು, ಆಮೇಲೆ ಅವರು. ರಸ್ತೆಯ ಅಂಚಿಗೆ ಬಂದು ಕೌಂಟಿ ಕಚೇರಿಯ ಕಡೆಗೆ ತಿರುಗಿದರು.

“ಮೇಡಂ, ಎಲ್ಲಿಗೆ ಹೊರಟ್ರಿ?” ಎಂದ ಕಾಡಿ.

“ಮತ ಹಾಕಕ್ಕೆ. ಬಸ್ಸು ನಿಲ್ಲಿಸ್ದೆ, ಸರಿ. ಕಾಲು ಹೆಂಗೆ ನಿಲ್ಲಿಸ್ತೀಯ, ನಿಲ್ಲಿಸು ನೋಡಣ.”

ಅವರ ಹಿಂದೆ ಇನ್ನೊಬ್ಬರು ಇಳಿದರು. ಆಮೇಲೆ ಕೈ ಕೈ ಹಿಡಿದುಕೊಂಡು ಉಳಿದವರು. ಭಾನುವಾರದ ಟೋಪಿ, ಭಾನುವಾರದ ಬೂಟು. ಮುದುಕರನ್ನು ಹೊಡೆದುರುಳಿಸಲು ಕಾಡಿಗೂ ಕೈ ಬರಲಿಲ್ಲ. ದೊಡ್ಡ ದೊಡ್ಡ ಲಾರಿಗಳು ಪಕ್ಕದಲ್ಲೇ ಹಾರ್ನ್ ಹೊಡೆಯುತ್ತ ಹೋಗುತ್ತಿದ್ದವು. ಪೊಲೀಸ್ ಗಾಡಿಯ ಹಿಂದಿನ ಗಾಜಿನಿಂದ ನಾನು ನೋಡಿದ್ದು ಅವರ ಬೆನ್ನುಗಳನ್ನು ಮಾತ್ರ. ಗಾಡಿ ತಿರುಗಿತು.

ಉಳಿದದ್ದು ಲವೀನಿಯಾ ಹೇಳಿದ್ದು. ಸುದ್ದಿ ತಿಳಿದು ಚರ್ಚಿನವರು ಕಾರು ತಂದರು. ಕೆಲವರು ಹತ್ತಿದರು. ಮಿಸ್ ಅರ್ಜುಲಾ ಹತ್ತಲಿಲ್ಲ. ಹುಡುಗರು ಕಾರುಗಳನ್ನು ಅಲ್ಲೇ ಬಿಟ್ಟು ಅವರ ಸುತ್ತ ನಡೆದರು. ಇನ್ನೇನು ಬಾಗಿಲು ಹಾಕುತ್ತಾರೆ ಎನ್ನುವಾಗ ಕಚೇರಿ ಮುಟ್ಟಿದರು. ಒಳಗಿನ ಹುಡುಗಿ ಪಾಪ ಓಡಿ ಹೋಗಿ ಕುರ್ಚಿ ತಂದಳು. “ಬೇಡಮ್ಮ. ನಿಂತೇ ಹಾಕ್ತೀನಿ” ಎಂದರಂತೆ.

ಎಲ್ಲರೂ ನಡೆಯಲಿಲ್ಲ, ಮಗನೇ. ಬಸ್ಸಿನಲ್ಲಿದ್ದ ಓಥಾ ಕ್ರಂಬ್ಲಿಗೆ ಮೂಗಿನಲ್ಲಿ ಆಕ್ಸಿಜನ್ ನಳಿಕೆಯಿತ್ತು. ಅವನನ್ನು ಬಸ್ಸಿನಿಂದಲೇ ವಾಪಸ್ಸು ಸಾಗಿಸಿದರು. ಅವತ್ತಿನಿಂದ ಚುನಾವಣೆ ಮುಗಿಯುವವರೆಗೆ ವೃದ್ಧಾಶ್ರಮದವರು ಯಾರನ್ನೂ ಹೊರಗೆ ಬಿಡಲಿಲ್ಲ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ವಾರ ಓಥಾ ತೀರಿಕೊಂಡ. ಹಾಕಬೇಕೆಂದಿದ್ದ ಮತ ಹಾಕದೆ ಸತ್ತ.

ಹಾಲ್ಕಂಬ್ ಗೆದ್ದ. ಸ್ವಲ್ಪದರಲ್ಲಿ ಗೆದ್ದ, ಆದರೆ ಗೆದ್ದ.

ನನ್ನ ಮೇಲೆ ಪೊಲೀಸರ ಕೆಲಸಕ್ಕೆ ಅಡ್ಡಿ ಮಾಡಿದ ಕೇಸು. ಎರಡು ದಿನ ಒಳಗಿದ್ದೆ. ನಿನಗೆ ಹೇಳಲಿಲ್ಲ ಏಕೆಂದರೆ ನೀನು ಅಲ್ಲಿ ಯಾರಿಗಾದರೂ ಹೊಡೆದರೆ ಫೆಬ್ರವರಿ ಹಾಳಾಗುತ್ತದೆ. ಹೆದರಿಕೆ ಇದ್ದದ್ದು ಅಷ್ಟಕ್ಕೇ.

ಅಮ್ಮ


ಮೆರಿವುಡ್
ಜನವರಿ 15, 2017

ಮಗನೇ,

ನಿನ್ನ ಡಿಸೆಂಬರ್ ಕಾಗದಗಳಿಗೆ ಉತ್ತರಿಸಲಿಲ್ಲ. ಏನು ಬರೆಯಬೇಕೆಂದು ತೋಚಲಿಲ್ಲ.

ಸರ್ಕಾರಿ ವಕೀಲ ನನ್ನನ್ನು ಕರೆಸಿದ್ದ. ಕಾಫಿ ಕೊಟ್ಟ, ಕುಡಿಯಲಿಲ್ಲ. ತಪ್ಪು ಮಾಡಿದೆ ಎಂದು ಒಪ್ಪಿ ಸಹಿ ಹಾಕಿದರೆ ಜೈಲಿಲ್ಲವಂತೆ. ಒಂದಷ್ಟು ವರ್ಷ ಚುನಾವಣೆಯ ಕೆಲಸಕ್ಕೆ ಕೈ ಹಾಕಬಾರದಂತೆ, ಮತದಾರರನ್ನು ಗಾಡಿಯಲ್ಲಿ ಕರೆದೊಯ್ಯಬಾರದಂತೆ, ಸಭೆ ಸೇರಿಸಬಾರದಂತೆ. ನಾನು ಏಳುವಾಗ ಏನೋ ನೆನಪಾದವನಂತೆ ಹೇಳಿದ. “ನಿಮ್ಮ ಮಗನ ಪೆರೋಲು ಬರ್ತಿದೆ ಅಲ್ವಾ? ಶೆರಿಫ್ ಸಾಹೇಬ್ರು ಒಳ್ಳೆ ಮಾತು ಬರೆದ್ರೆ ಹುಡುಗ ಬೇಸಿಗೆಗೆ ಮನೇಲಿರ್ತಾನೆ.” ಇದನ್ನು ಕಾಗದದಲ್ಲಿ ಬರೆದು ಕೊಡು ಎಂದೆ. ನಕ್ಕ.

ನಮ್ಮ ವಕೀಲೆ ಒಳ್ಳೆಯ ಹುಡುಗಿ. ವಿಚಾರಣೆಗೆ ಹೋದರೆ ಗೆಲ್ಲಬಹುದು, ಸೋಲಲೂಬಹುದು ಎನ್ನುತ್ತಾಳೆ.

ನಾನು ಸಹಿ ಹಾಕುತ್ತೇನೆ ಅಂತ ತೀರ್ಮಾನಿಸಿದ್ದೇನೆ. ನಿನಗೆ ಮೂವತ್ತೊಂದು ತುಂಬಿತು. ನಿನ್ನ ಹಾಸಿಗೆಯ ಹೊದಿಕೆಯನ್ನು ಪ್ರತಿ ವಾರ ಒಗೆದು ಹಾಸುತ್ತೇನೆ, ಯಾರೂ ಮಲಗುವುದಿಲ್ಲ. ಸಿಟ್ಟಿಗೂ ಒಂದು ಕೊನೆ ಇರಬೇಕಲ್ಲ. ಪಾದ್ರಿಗೆ ಇನ್ನೂ ಹೇಳಿಲ್ಲ. ಮಿಸ್ ಅರ್ಜುಲಾ ಅವರ ಮುಖ ನೋಡಲು ಆಗುವುದಿಲ್ಲವೆಂದು ಹೋದ ಭಾನುವಾರ ಚರ್ಚಿಗೇ ಹೋಗಲಿಲ್ಲ.

ಅಮ್ಮ


ರಾಜ್ಯ ಕಾರಾಗೃಹ
ಜನವರಿ 21, 2017

ಅಮ್ಮಾ,

ಸಹಿ ಹಾಕಬೇಡ.

ಈ ಕಾಗದ ತಲುಪುವ ಮೊದಲೇ ಹಾಕಿದ್ದರೆ ಹೋಗಿ ಹರಿದು ಬಾ. ನನ್ನ ಮೇಲೆ ಹೊರೆ ಹಾಕಬೇಡ. ನಾನು ಮನೆಗೆ ಬಂದು ಆ ಹಾಸಿಗೆಯಲ್ಲಿ ಮಲಗಿದಾಗಲೆಲ್ಲ, ಅಮ್ಮನ ಬಾಯಿ ಹೊಲಿಸಿ ತಂದ ಬಿಡುಗಡೆ ಇದು ಎಂದು ಅನ್ನಿಸಿದರೆ ನನಗೆ ನಿದ್ದೆ ಬರುತ್ತದೆಯೇ? ನಾಳೆ ನನ್ನನ್ನು ಮತ್ತೆ ರಸ್ತೆಯಲ್ಲಿ ನಿಲ್ಲಿಸಿದಾಗ, ಆ ಹಾಲ್ಕಂಬ್ ಕಾರಿನ ಕಿಟಕಿಗೆ ಬಗ್ಗಿ, ನಿಮ್ಮಮ್ಮ ಚೆನ್ನಾಗಿದ್ದಾಳಾ ಎಂದು ಕೇಳುತ್ತಾನೆ. ನಾನು ಆಗ ಏನು ಹೇಳಲಿ?

ನಿನ್ನ ನವೆಂಬರಿನ ಕಾಗದವನ್ನು ಇಲ್ಲಿ ಗಟ್ಟಿಯಾಗಿ ಓದಿದೆ. ಇಲ್ಲಿನವರು ಯಾವುದಕ್ಕೂ ಬಾಯಿ ಮುಚ್ಚುವವರಲ್ಲ. ಮುದುಕರು ಬಸ್ಸಿನಿಂದ ಇಳಿದ ಕಡೆ ಬಂದಾಗ ಎಲ್ಲರೂ ಹತ್ತಿರ ಸರಿದು ಕೂತರು. ಕೊಲೆ ಮಾಡಿ ಬಂದ ಒಬ್ಬ ದೊಡ್ಡಾಳು, ಮುಖ ಆ ಕಡೆ ತಿರುಗಿಸಿಕೊಂಡು, “ಆ ಅಜ್ಜಿ ಮುಟ್ಟಿದ್ರಾ ಇಲ್ವಾ, ಅದನ್ನ ಮೊದಲು ಓದು” ಎಂದ. ಮಾರನೆಯ ದಿನ ಕಾಗದ, ಲಕೋಟೆ ಕೇಳುವವರ ಸಾಲು. ಮನೆಯವರಿಗೆ, ಅಕ್ಕತಂಗಿಯರಿಗೆ ಬರೆಯುತ್ತಿದ್ದಾರೆ, ಮುಂದಿನ ಸಲ ಹೋಗಿ ಮತ ಹಾಕಿ ಅಂತ. ನಾನೂ ನನ್ನ ಗೆಳೆಯರಿಗೆ ಬರೆದೆ. ನೀನು ಕೇಳಿದಾಗ ಬರೆಯಲಿಲ್ಲ, ಈಗ ಬರೆದೆ.

ನನಗೆ ಮನೆಗೆ ಬರುವ ಆಸೆಯಿಲ್ಲ ಅಂದುಕೊಳ್ಳಬೇಡ. ಎಷ್ಟಿದೆ ಎಂದು ಬರೆಯುವುದಿಲ್ಲ, ಬರೆದರೆ ನೀನು ಸಹಿ ಹಾಕಿಬಿಡುತ್ತೀಯ.

ಭಾನುವಾರ ಚರ್ಚಿಗೆ ಹೋಗು. ಮಿಸ್ ಅರ್ಜುಲಾ ಅವರ ಪಕ್ಕದಲ್ಲೇ ಕೂತುಕೋ.

ರೆನಾರ್ಡ್


ಮೆರಿವುಡ್
ಮಾರ್ಚ್ 12, 2017

ಮಗನೇ,

ಖುಲಾಸೆಯಾಯಿತು.

ಲವೀನಿಯಾ ಫೋನಿನಲ್ಲಿ ನಿನಗೆ ಸುದ್ದಿ ಮುಟ್ಟಿಸಿದ್ದಾಳೆಂದು ಗೊತ್ತು. ಹೇಗಾಯಿತೆಂದು ನಾನು ಹೇಳುತ್ತೇನೆ. ಕೋರ್ಟಿನೊಳಗೆ ನಮ್ಮ ಕೇರಿಯವರೆಲ್ಲ ಭಾನುವಾರದ ಬಟ್ಟೆಯಲ್ಲೇ ಬಂದು ಕೂತಿದ್ದರು. ತೀರ್ಪು ಹೇಳುವ ಹನ್ನೆರಡು ಜನರಲ್ಲಿ ನಮ್ಮವರು ನಾಲ್ಕು ಮಂದಿ. ಉಳಿದವರ ಕಡೆ ನಾನು ನೋಡಲಿಲ್ಲ.

ಕಾಡಿ ಪ್ರೂಯಿಟ್ ಸಾಕ್ಷಿ ಹೇಳಿದ. ಮುದುಕರ ಕ್ಷೇಮಕ್ಕಾಗಿ ಬಸ್ಸು ನಿಲ್ಲಿಸಿದೆ ಎಂದ. ನಮ್ಮ ವಕೀಲೆ ಎದ್ದು, ಅಷ್ಟು ಕ್ಷೇಮ ಬೇಕಾದವರನ್ನು ಲಾರಿ ಓಡಾಡುವ ರಸ್ತೆಯಲ್ಲಿ ನಡೆಯಲು ಯಾಕೆ ಬಿಟ್ಟಿರಿ ಎಂದು ಕೇಳಿದಳು. ಅವನು ನೀರಿನ ಲೋಟ ನೋಡಿದ. ದೂರು ಕೊಟ್ಟವರು ಯಾರು ಎಂದು ಕೇಳಿದಳು. ನೆನಪಿಲ್ಲ ಎಂದ. ಶೆರಿಫನ ಫೋನು ಬಂದಿತ್ತೇ ಎಂದಳು. ಬಂದಿತ್ತು ಎಂದ. ಅದನ್ನು ಹೇಳಿದ್ದಕ್ಕೆ ಅವನ ಮೇಲಿನ ಸಿಟ್ಟು ಕಡಿಮೆಯಾಯಿತು ಅಂದುಕೊಳ್ಳಬೇಡ. ನನ್ನ ಕೈ ತಿರುಚುವಾಗಲೂ ಅವನಿಗೆ ಅದು ಗೊತ್ತಿತ್ತು.

ಆಮೇಲೆ ಮಿಸ್ ಅರ್ಜುಲಾ. ಕಟಕಟೆಯ ಮೆಟ್ಟಿಲು ಹತ್ತಲು ಯಾರ ಕೈಯನ್ನೂ ಹಿಡಿಯಲಿಲ್ಲ. ಸರ್ಕಾರಿ ವಕೀಲ ಬಹಳ ಮೃದುವಾಗಿ, ಮಗುವಿಗೆ ಹೇಳುವ ಹಾಗೆ, ಮಿಸೆಸ್ ಮ್ಯಾಪ್ ನಿಮ್ಮನ್ನು ಬಲವಂತ ಮಾಡಿ ಬಸ್ಸು ಹತ್ತಿಸಿದರಾ ಎಂದು ಕೇಳಿದ.

“ನನ್ನನ್ನ ಬಲವಂತ ಮಾಡೋದು ನನ್ನ ಇಬ್ಬರು ಗಂಡಂದಿರ ಕೈಲೇ ಆಗ್ಲಿಲ್ಲ. ವರ್ಡೆಲ್ ಯಾವ ಲೆಕ್ಕ?” ಎಂದರು.

ನ್ಯಾಯಾಧೀಶನೂ ತಲೆ ತಗ್ಗಿಸಿ ನಕ್ಕ. ಆದರೆ ಅವರು ನಗಲಿಲ್ಲ. ಆ ವಕೀಲನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದರು. “ನನ್ನ ಡೆಶಾನನ್ನ ಕೊಂದವನಿಗೆ ವಿಚಾರಣೆ ಇಲ್ಲ. ಬಸ್ಸು ಓಡಿಸಿದವಳಿಗೆ ವಿಚಾರಣೆ. ಅದಕ್ಕೇ ಮತ ಹಾಕಕ್ಕೆ ಹೋದೆ, ಮಗಾ. ನಿನಗೆ ಇನ್ನೂ ಅರ್ಥ ಆಗ್ಲಿಲ್ವಾ?”

ಆ ಮಾತು ದಾಖಲೆಗೆ ಬೇಡ ಎಂದು ಸರ್ಕಾರಿ ವಕೀಲ ಕೂಗಿದ, ನ್ಯಾಯಾಧೀಶ ಹೂಂ ಎಂದ. ಕಿವಿಗೆ ಬಿದ್ದದ್ದನ್ನು ಯಾರು ಅಳಿಸುತ್ತಾರೆ? ತೀರ್ಪು ಮಾಡಲು ಒಳಗೆ ಹೋದ ಹನ್ನೆರಡು ಜನ ಬೇಗನೆ ವಾಪಸ್ಸು ಬಂದರು.

ನಾವು ಹೊರಗೆ ಬಂದಾಗ ಹಾಲ್ಕಂಬ್ ತನ್ನ ಗಾಡಿಗೆ ಒರಗಿ ನಿಂತಿದ್ದ. ಟೋಪಿ ಮುಟ್ಟಿ, ಮಗ ಹೇಗಿದ್ದಾನೆ ಎಂದ. ನಾನು ಅವನನ್ನು ದಾಟಿ ನಡೆದೆ. ರಾತ್ರಿಯೆಲ್ಲ ಅವನ ಆ ಮುಖವೇ ಕಣ್ಣೆದುರಿಗಿತ್ತು. ನಿನ್ನ ಮಂಡಳಿಯಿಂದ ಇನ್ನೂ ಉತ್ತರ ಬಂದಿಲ್ಲವೇ?

ಅಮ್ಮ


ರಾಜ್ಯ ಕಾರಾಗೃಹ
ಏಪ್ರಿಲ್ 3, 2017

ಅಮ್ಮಾ,

ಬಂತು. ಇಲ್ಲ ಎಂದಿದ್ದಾರೆ.

ಸ್ಥಳೀಯ ಅಧಿಕಾರಿಗಳ ಆಕ್ಷೇಪಣೆ ಇದೆಯಂತೆ. ಯಾರ ಹೆಸರೂ ಹಾಕಿಲ್ಲ, ಹಾಕಬೇಕಾಗಿಯೂ ಇಲ್ಲ. ಮತ್ತೆ ಕೇಳಬೇಕಾದರೆ ಎರಡು ವರ್ಷ ಕಾಯಬೇಕು.

ನೀನೀಗ ಅಡುಗೆಮನೆಯಲ್ಲಿ ಕುಸಿದು ಕೂತು, ಸಹಿ ಹಾಕಿಬಿಟ್ಟಿದ್ದರೆ ಎಂದು ಯೋಚಿಸುತ್ತಿರುತ್ತೀಯ. ನಾನು ಸುಳ್ಳು ಹೇಳುವುದಿಲ್ಲ. ಉತ್ತರ ಬಂದ ದಿನ ನಾನೂ ಅದನ್ನೇ ಯೋಚಿಸಿದೆ. ಊಟ ಮಾಡಲಿಲ್ಲ. ಬೇಡ ಎಂದವನು ನಾನೇ ಆದರೂ ನಿನ್ನ ಮೇಲೆ ಸಿಟ್ಟು ಬಂತು. ಆ ಮುದುಕಿಗೆ ಸುಮ್ಮನೆ ಬಸ್ಸಿನಲ್ಲಿ ಕೂತಿರಲು ಏನಾಗಿತ್ತು ಎಂದೂ ಅನ್ನಿಸಿತು. ನನ್ನನ್ನು ಹಾಗೆ ಯೋಚಿಸುವಂತೆ ಮಾಡಲೆಂದೇ ಹಾಲ್ಕಂಬ್ ಆ ಆಕ್ಷೇಪಣೆ ಬರೆದಿದ್ದಾನೆ. ಅದು ಹೊಳೆದ ಮೇಲೆ ಎದ್ದು ಮುಖ ತೊಳೆದುಕೊಂಡೆ.

ನಮ್ಮ ದೊಡ್ಡಾಳು ಬಂದು ಪಕ್ಕದಲ್ಲಿ ಕೂತು, ಈಗೇನು ಮಾಡುತ್ತೀಯ ಎಂದ. ಬರೆಯುತ್ತೇನೆ ಎಂದೆ. ಇಲ್ಲಿ ಅಕ್ಷರ ಬಾರದವರು ಬಹಳ ಮಂದಿ ಇದ್ದಾರೆ. ಅವರು ಹೇಳುತ್ತಾರೆ, ನಾನು ಬರೆಯುತ್ತೇನೆ. ಬೈಗುಳ ಬಂದರೆ ಬೈಗುಳವನ್ನೂ ಬರೆಯುತ್ತೇನೆ.

ಈ ಶನಿವಾರ ನನ್ನನ್ನು ನೋಡಲು ಬಾ. ಆದರೆ ಒಂದು ಮಾತು. ಅಳುವ ಅಮ್ಮಂದಿರನ್ನು ನಾನು ಇಲ್ಲಿ ಬೇಕಾದಷ್ಟು ನೋಡಿದ್ದೇನೆ, ಶನಿವಾರ ಭೇಟಿಯ ಹಾಲಿನ ತುಂಬ ಅವರೇ. ನನಗೆ ಸಿಟ್ಟಾದ ಅಮ್ಮ ಬೇಕು. ಹಾಗೇ ಬಾ.

ನಿನ್ನ ಮಗ,
ರೆನಾರ್ಡ್